ಮಾಲ್ಗುಡಿಯ ‘ಸ್ವಾಮಿ’ಯನ್ನು ಹೊಳೆಆಲೂರಿನಿಂದ ನೋಡಿದಾಗ: ಬಾಲ್ಯದ ನಗೆಚಿತ್ರವೊಂದರ ಮರುಓದು

1. ಪ್ರವೇಶ

ಕಾಲ ಸರಿದಂತೆ ಕೃತಿ ಹಳತಾಗುತ್ತದೆಯೇ ಅಥವಾ ಅದನ್ನು ನೋಡುವ ಕಣ್ಣು ಬದಲಾಗುತ್ತದೆಯೇ ಎಂಬುದು ವಿಮರ್ಶೆಗೆ ಹೊಸ ಪ್ರಶ್ನೆಯೇನಲ್ಲ. ಆದರೆ ನಗೆಯನ್ನೇ ಪ್ರಧಾನವಾಗಿ ನೆಚ್ಚಿಕೊಂಡ ಕೃತಿಗಳ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾಗುತ್ತದೆ. ಯಾವುದನ್ನು ಕಂಡು ನಗಬಹುದು, ಯಾರನ್ನು ಕಂಡು ನಗಬಾರದು ಎಂಬ ವಿಷಯದಲ್ಲಿ ಒಂದು ಕಾಲದ ಜನರಲ್ಲಿ ಮಾತಿಗೆ ಬಾರದ ಒಪ್ಪಂದವೊಂದು ಇರುತ್ತದೆ. ಆ ಒಪ್ಪಂದ ಸಡಿಲಗೊಂಡಾಗ ಹಿಂದೆ ನಗಿಸಿದ್ದು ಮುಂದೆ ಮುಜುಗರವನ್ನು ಉಂಟುಮಾಡಬಹುದು. ಬಾಲಕನೊಬ್ಬ ಬೆಳೆಯುವ ಕಥೆಯನ್ನು ಹಾಸ್ಯದ ಮೂಲಕ ಹೇಳುವ ಚಿತ್ರಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ಮನೆ, ಶಾಲೆ, ಬೀದಿ, ಜಾತಿ, ಶಿಕ್ಷೆ ಎಲ್ಲವೂ ನಗೆಯ ಸಾಮಗ್ರಿಯಾಗಿ ಬಂದಿರುತ್ತವೆ.

ಈ ದೃಷ್ಟಿಯಿಂದ ಮರುಪರಿಶೀಲನೆಗೆ ಯೋಗ್ಯವಾದ ಕೃತಿ ಶಂಕರ್‌ನಾಗ್ ಅವರ ನಿರ್ದೇಶನದ ‘ಸ್ವಾಮಿ’ (1987). ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಎಂಬ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿ, ದೂರದರ್ಶನದ ‘ಮಾಲ್ಗುಡಿ ಡೇಸ್’ ಸರಣಿಯ ಕಂತುಗಳಿಂದ ರೂಪುಗೊಂಡ ಚಿತ್ರವಿದು. ಟಿ. ಎಸ್. ನರಸಿಂಹನ್ ಇದರ ನಿರ್ಮಾಪಕರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ ಕಾರ್ನಾಡ್ ತಂದೆಯಾಗಿ, ವೈಶಾಲಿ ಕಾಸರವಳ್ಳಿ ತಾಯಿಯಾಗಿ ಅಭಿನಯಿಸಿದ್ದಾರೆ. ಸಂಭಾಷಣೆ ಹಿಂದಿಯದಾದರೂ ತಂಡ, ನೆಲ ಮತ್ತು ಅಭಿನಯದ ಹದ ಕನ್ನಡದವು. ಆದ್ದರಿಂದಲೇ ಕನ್ನಡಿಗರು ಇದನ್ನು ಪರಭಾಷೆಯ ಚಿತ್ರವೆಂದು ಎಂದೂ ಭಾವಿಸಿಲ್ಲ.

ಈ ಚಿತ್ರವನ್ನು ಕುರಿತು ಕೇಳಿಬರುವ ಸಾಮಾನ್ಯ ಮಾತು ‘ಇದು ನಮ್ಮೆಲ್ಲರ ಬಾಲ್ಯ’ ಎಂಬುದು. ಪ್ರಸ್ತುತ ಲೇಖನ ಈ ಮಾತನ್ನೇ ಪರೀಕ್ಷೆಗೆ ಒಡ್ಡುತ್ತದೆ. ‘ನಮ್ಮೆಲ್ಲರ’ ಎಂಬ ಪದದೊಳಗೆ ಯಾರು ಬರುತ್ತಾರೆ? ಬಯಲುಸೀಮೆಯ ಊರೊಂದರಿಂದ, ಉದಾಹರಣೆಗೆ ಗದಗ ಜಿಲ್ಲೆಯ ರೋಣ ತಾಲೂಕಿನ ಹೊಳೆಆಲೂರಿನಿಂದ ನೋಡಿದಾಗ, ಚಿತ್ರದ ನಗೆ ಇಂದಿಗೂ ಉಳಿಯುತ್ತದೆಯೇ? ಉಳಿಯುವುದಾದರೆ ಯಾವ ಭಾಗ, ಯಾವ ಕಾರಣಕ್ಕಾಗಿ? ಕಾದಂಬರಿಯ ಘಟನೆಗಳೆಲ್ಲವೂ ತೆರೆಯ ಮೇಲೆ ಒಂದೇ ಪ್ರಮಾಣದಲ್ಲಿ ಬಂದಿಲ್ಲವಾದ್ದರಿಂದ, ಮೂಲವನ್ನು ಆಧರಿಸಿದ ಚರ್ಚೆಯನ್ನು ಆಯಾ ಸಂದರ್ಭದಲ್ಲಿ ಹಾಗೆಂದೇ ಸೂಚಿಸಲಾಗಿದೆ.

2. ನೋಡುವ ನೆಲೆ

ಹೊಳೆಆಲೂರು ಮಲಪ್ರಭೆಯ ದಂಡೆಯ ಊರು. ಗದಗ ಮತ್ತು ಬಾದಾಮಿಗಳ ನಡುವಿನ ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವಿದೆ. ಸುತ್ತಲಿನದು ಎರೆಮಣ್ಣಿನ ಸೀಮೆ. ಜೋಳ, ಕಡಲೆ, ಹೆಸರು, ಹತ್ತಿ ಇಲ್ಲಿನ ಬೆಳೆಗಳು. ಶಾಲೆಗೆ ‘ಸಾಲಿ’ ಎಂದೂ ಶಿಕ್ಷಕರಿಗೆ ‘ಮಾಸ್ತರ’ ಎಂದೂ ಹೇಳುವ ಭಾಷಾಪ್ರದೇಶವಿದು. ಚಿತ್ರವು ತೋರಿಸುವ ಆಗುಂಬೆಯಾದರೋ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ಹೆಂಚಿನ ಇಳಿಜಾರು ಮಾಡು, ಮರದ ಕಂಬಗಳ ಜಗಲಿ, ತೊಟ್ಟಿಯ ಮನೆ, ಹಸುರು ಗುಡ್ಡ ಇವು ಅಲ್ಲಿನ ದೃಶ್ಯಗಳು. ಮಣ್ಣಿನ ಮೇಲ್ಮುದ್ದೆಯ ಮನೆಗಳನ್ನೂ ಬೇವಿನ ನೆರಳನ್ನೂ ಕಂಡು ಬೆಳೆದ ವಿದ್ಯಾರ್ಥಿಗೆ ಈ ಮಾಲ್ಗುಡಿ ಕರ್ನಾಟಕದ್ದೇ ಆದರೂ ಅಪರಿಚಿತ ಊರು.

ನಾರಾಯಣ್ ಅವರ ಮಾಲ್ಗುಡಿ ನಕ್ಷೆಯಲ್ಲಿ ಇಲ್ಲದ ಊರು. ಅದಕ್ಕೆ ಮದರಾಸು ಪ್ರಾಂತದ ಹೆಸರುಗಳೂ ಮೈಸೂರಿನ ಅನುಭವಗಳೂ ಬೆರೆತ ಒಂದು ದಕ್ಷಿಣದೇಶದ ಸಾಮಾನ್ಯ ರೂಪವಿದೆ. ಶಂಕರ್‌ನಾಗ್ ಅದನ್ನು ಮಲೆನಾಡಿನ ಒಂದು ನಿರ್ದಿಷ್ಟ ಬೀದಿಯಲ್ಲಿ ನೆಲೆಗೊಳಿಸಿದರು. ಕಲಾನಿರ್ದೇಶಕ ಜಾನ್ ದೇವರಾಜ್ ಅವರ ಕೆಲಸ, ಆಗುಂಬೆಯ ‘ದೊಡ್ಡಮನೆ’, ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ಇವೆಲ್ಲ ಕೂಡಿ ಕಲ್ಪಿತ ಊರಿಗೆ ನಂಬಲರ್ಹವಾದ ಮೈ ಬಂದಿತು. ಎಲ್. ವೈದ್ಯನಾಥನ್ ಅವರ ಶೀರ್ಷಿಕೆಯ ರಾಗಕ್ಕೆ ಅರ್ಥವುಳ್ಳ ಸಾಹಿತ್ಯದ ಹಂಗಿಲ್ಲದ್ದರಿಂದ ಅದು ಯಾವ ಭಾಷೆಯವರಿಗೂ ತಮ್ಮದೆನಿಸಿತು. ಹೀಗೆ ಒಂದು ಪ್ರದೇಶದ ಮನೆ, ಮಳೆ, ಬೀದಿಗಳು ಇಡೀ ನಾಡಿನ ‘ಬಾಲ್ಯ’ದ ಚಿತ್ರವಾಗಿ ಸ್ಥಿರಗೊಂಡವು. ಇದು ನಿರ್ದೇಶಕರ ಯಶಸ್ಸು. ಆದರೆ ಈ ಯಶಸ್ಸಿನಿಂದಲೇ ಒಂದು ತೊಡಕು ಕೂಡ ಹುಟ್ಟಿದೆ.

ತೊಡಕು ಯಾವುದೆಂಬುದನ್ನು ನದಿಯ ಉದಾಹರಣೆಯಿಂದ ವಿವರಿಸಬಹುದು. ಮಾಲ್ಗುಡಿಯ ಸರಯೂ ಸಂಜೆಯ ಹೊತ್ತು ಗೆಳೆಯರು ಕೂಡುವ ಮರಳದಂಡೆ. ಅಲ್ಲಿ ಜಗಳ ಕಾಯುತ್ತಾರೆ, ರಾಜಿಯಾಗುತ್ತಾರೆ, ಸಭೆ ಸೇರುತ್ತಾರೆ. ಹೊಳೆಆಲೂರಿನ ಪರಿಸರದಲ್ಲಿ ಹೊಳೆಯ ಅನುಭವ ಬೇರೆ. ಬಹುಕಾಲ ಬತ್ತಿದಂತಿದ್ದು ಒಮ್ಮೆಲೇ ಉಕ್ಕಿಬರುವ ಮಲಪ್ರಭೆ 2009ರಲ್ಲಿಯೂ 2019ರಲ್ಲಿಯೂ ಈ ಭಾಗದ ದಂಡೆಯ ಊರುಗಳನ್ನು ನೀರಿನಲ್ಲಿ ನಿಲ್ಲಿಸಿತು. ಮನೆಯಿಂದ ಪುಸ್ತಕವನ್ನೂ ಪಾಟಿಯನ್ನೂ ಹೊತ್ತು ಎತ್ತರದ ಜಾಗಕ್ಕೆ ಹೋದ ಮಗುವಿಗೆ ನದಿಯೆಂದರೆ ಆಟದ ಅಂಗಳವಷ್ಟೇ ಅಲ್ಲ. ಇದರಿಂದ ಚಿತ್ರದ ಸರಯೂ ಸುಳ್ಳಾಗುವುದಿಲ್ಲ. ಅದು ಒಂದು ಊರಿನ ನದಿ ಮಾತ್ರ ಎಂಬುದು ಸ್ಪಷ್ಟವಾಗುತ್ತದೆ.

3. ನಗೆಯ ಸ್ವರೂಪ: ಬಾಲಕನ ಎತ್ತರದಿಂದ

ಭರತನು ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿದ್ದಾನೆ. ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ ಎಂಬ ಇನ್ನೊಂದು ವಿಭಾಗವೂ ಅವನಲ್ಲಿದೆ. ‘ಸ್ವಾಮಿ’ ಚಿತ್ರದ ನಗೆ ಬಹುಪಾಲು ಸ್ಮಿತದ ಎಲ್ಲೆಯಲ್ಲಿ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಸ್ವಾಮಿ ತಾನು ನಗೆಗೆ ಕಾರಣನಾಗಿದ್ದೇನೆಂದು ಅರಿಯದೆ ಇರುವುದು. ಅವನಿಗೆ ತನ್ನ ಕಷ್ಟಗಳೆಲ್ಲವೂ ಅತ್ಯಂತ ಗಂಭೀರವಾದವು. ಸೋಮವಾರದ ಬೆಳಗು, ಲೆಕ್ಕದ ಪುಸ್ತಕ, ತಂದೆಯ ಕೋಣೆಯ ಬಾಗಿಲು ಇವು ಅವನ ಪಾಲಿಗೆ ಬೆಟ್ಟದಷ್ಟು ದೊಡ್ಡವು. ಪ್ರೇಕ್ಷಕ ನಗುವುದು ಈ ಅಳತೆಯ ವ್ಯತ್ಯಾಸಕ್ಕೆ.

ಲೆಕ್ಕದ ಪ್ರಸಂಗವನ್ನು ನೋಡಬಹುದು. ರಾಮನ ಬಳಿ ಹತ್ತು ಮಾವಿನಹಣ್ಣುಗಳಿವೆ. ಅವುಗಳಿಂದ ಹದಿನೈದು ಆಣೆ ಗಳಿಸಬೇಕೆಂದು ಅವನ ಇಚ್ಛೆ. ಕೃಷ್ಣನಿಗೆ ನಾಲ್ಕು ಹಣ್ಣು ಸಾಕು. ಅವನು ಕೊಡಬೇಕಾದ ಹಣವೆಷ್ಟು? ಉತ್ತರ ಆರು ಆಣೆ. ಆದರೆ ಸ್ವಾಮಿಯ ಮನಸ್ಸು ಭಾಗಾಕಾರದ ಕಡೆಗೆ ಹೋಗುವುದಿಲ್ಲ. ಹಣ್ಣು ಮಾಗಿದ್ದವೋ ಇಲ್ಲವೋ ಎಂಬುದನ್ನು ತಿಳಿಯದೆ ಬೆಲೆ ಹೇಳುವುದಾದರೂ ಹೇಗೆ ಎಂಬುದು ಅವನ ಚಿಂತೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಸ್ವಾಮಿಯ ಪ್ರಶ್ನೆಯೇ ಸರಿಯಾದದ್ದು. ಸಂತೆಯಲ್ಲಿ ಹಣ್ಣು ಕೊಳ್ಳುವವರು ಮೊದಲು ಕೇಳುವುದು ಅದನ್ನೇ. ಪಠ್ಯಪುಸ್ತಕವು ಬದುಕಿನಿಂದ ಹಣ್ಣು, ಹಣ, ಮನುಷ್ಯರನ್ನು ಎರವಲು ಪಡೆದು, ಬದುಕಿನ ಪ್ರಶ್ನೆಗಳನ್ನು ಮಾತ್ರ ಹೊರಗೆ ನಿಲ್ಲಿಸುತ್ತದೆ ಎಂಬ ವಿಮರ್ಶೆ ಈ ನಗೆಯೊಳಗೆ ಅಡಗಿದೆ. ಆಣೆಗಳು ಚಲಾವಣೆಯಿಂದ ಹೋಗಿ ಅನೇಕ ದಶಕಗಳಾದರೂ ಪ್ರಸಂಗದ ನಗೆ ಮಾಸದಿರುವುದು ಈ ಕಾರಣದಿಂದ. ಹೊಳೆಆಲೂರಿನ ಸಾಲಿಯ ಹುಡುಗನೊಬ್ಬನಿಗೂ ಇದು ಟಿಪ್ಪಣಿಯಿಲ್ಲದೆ ಅರ್ಥವಾಗುತ್ತದೆ. ಬಹುಶಃ ಸಂತೆಯಲ್ಲಿ ತಾಯಿಯ ಜೊತೆ ಕುಳಿತು ಕಾಯಿಪಲ್ಯ ಮಾರಿದ ಹುಡುಗಿಗೆ ಇನ್ನೂ ಚೆನ್ನಾಗಿ ಅರ್ಥವಾದೀತು.

ಇಲ್ಲಿ ಗಿರೀಶ ಕಾರ್ನಾಡರ ಅಭಿನಯವನ್ನು ಉಲ್ಲೇಖಿಸಬೇಕು. ತಂದೆಯ ಪಾತ್ರವನ್ನು ಕ್ರೂರಿಯನ್ನಾಗಿ ಮಾಡಿದ್ದರೆ ನಗೆ ಸಾಯುತ್ತಿತ್ತು. ಮೃದುವಾಗಿ ಮಾಡಿದ್ದರೆ ಭಯಕ್ಕೆ ಆಧಾರವಿರುತ್ತಿರಲಿಲ್ಲ. ಕಾರ್ನಾಡರು ಗಡಸು ಮುಖದ ಹಿಂದೆ ಮಗನ ಬಗೆಗಿನ ಕುತೂಹಲವನ್ನು ಉಳಿಸಿಕೊಳ್ಳುತ್ತಾರೆ. ಮಂಜುನಾಥ್ ಅವರಾದರೋ ನಗಿಸಬೇಕೆಂಬ ಪ್ರಯತ್ನವನ್ನೇ ಮಾಡುವುದಿಲ್ಲ. 35ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರಿಗೆ ಅತ್ಯುತ್ತಮ ಬಾಲನಟ ಪ್ರಶಸ್ತಿ ದೊರೆತದ್ದು ಈ ಪಾತ್ರಕ್ಕಾಗಿ. ಮಕ್ಕಳ ಬಾಯಲ್ಲಿ ದೊಡ್ಡವರ ಚತುರೋಕ್ತಿಗಳನ್ನು ಇಡುವ ಪದ್ಧತಿ ಚಿತ್ರರಂಗದಲ್ಲಿ ಇಂದಿಗೂ ಇದೆ. ಅಂತಹ ಚಿತ್ರಗಳು ಬೇಗ ಹಳತಾಗುತ್ತವೆ. ಆ ಚತುರೋಕ್ತಿಗಳು ಅವುಗಳನ್ನು ಬರೆದ ದೊಡ್ಡವರ ಕಾಲಕ್ಕೆ ಸೇರಿದವು.

4. ಬೆತ್ತದ ಪ್ರಶ್ನೆ

ಇಂದಿನ ತರಗತಿಯಲ್ಲಿ ಈ ಚಿತ್ರವನ್ನು ತೋರಿಸುವ ಅಧ್ಯಾಪಕರಿಗೆ ಮೊದಲು ಎದುರಾಗುವ ಆಕ್ಷೇಪ ಶಿಕ್ಷೆಯನ್ನು ಕುರಿತದ್ದು. ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸುವುದು, ಬೆತ್ತದ ಏಟು ಇವು ಸ್ವಾಮಿಯ ಶಾಲೆಯ ದಿನಚರಿಯ ಭಾಗ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಾಗಿರುವಾಗ ಏಟು ತಿನ್ನುವ ಮಗುವನ್ನು ಕಂಡು ನಗುವುದು ಸರಿಯೇ ಎಂಬ ಪ್ರಶ್ನೆ ಸಹಜ.

ಚಿತ್ರವನ್ನೂ ಮೂಲವನ್ನೂ ಸೂಕ್ಷ್ಮವಾಗಿ ಗಮನಿಸಿದರೆ, ನಗೆ ಹುಟ್ಟುವುದು ಏಟಿನಿಂದಲ್ಲ, ಏಟಿನ ನಿರೀಕ್ಷೆಯಿಂದ ಎಂಬುದು ತಿಳಿಯುತ್ತದೆ. ನಾರಾಯಣ್ ಅವರ ‘ಫಾದರ್ಸ್ ಹೆಲ್ಪ್’ ಎಂಬ ಸಣ್ಣಕಥೆ ಇದಕ್ಕೆ ನಿದರ್ಶನ. ಶಾಲೆ ತಪ್ಪಿಸುವ ಆಸೆಯಿಂದ ಸ್ವಾಮಿ ಸ್ಯಾಮ್ಯುಯೆಲ್ ಎಂಬ ಶಿಕ್ಷಕರ ಕ್ರೌರ್ಯವನ್ನು ಬಣ್ಣಿಸುತ್ತಾನೆ. ತಂದೆ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ಅವನ ಕೈಗೇ ಕೊಡುತ್ತಾನೆ. ಈಗ ಆ ಪತ್ರಕ್ಕೆ ಸಮರ್ಥನೆಯಾಗಿ ಶಿಕ್ಷಕರಿಂದ ಹೇಗಾದರೂ ಏಟು ತಿನ್ನಲೇಬೇಕಾದ ಸಂಕಟ ಹುಡುಗನದು. ಶಿಕ್ಷಕ ಸೌಮ್ಯವಾಗಿ ವರ್ತಿಸಿದಷ್ಟೂ ಅವನ ಸಂಕಟ ಹೆಚ್ಚುತ್ತದೆ. ಇಲ್ಲಿ ನಗೆಗೆ ಗುರಿಯಾಗುವುದು ಮಗುವಿನ ನೋವಲ್ಲ. ಶಿಕ್ಷೆಯನ್ನೇ ಭಾಷೆಯನ್ನಾಗಿ ಮಾಡಿಕೊಂಡ ಮನೆ ಮತ್ತು ಶಾಲೆಗಳ ನಡುವಿನ ಪತ್ರವ್ಯವಹಾರ.

ಕಾದಂಬರಿಯಲ್ಲಿ ನಗೆ ನಿಲ್ಲುವ ಸ್ಥಳವೂ ಉಂಟು. 1930ರ ಆಗಸ್ಟ್ 15ರಂದು ಸರಯೂ ದಂಡೆಯಲ್ಲಿ ನಡೆದ ಸಭೆಯ ಮರುದಿನ ಶಾಲೆಯ ಕಿಟಕಿಗಾಜುಗಳನ್ನು ಒಡೆದ ಸ್ವಾಮಿ ಆಲ್ಬರ್ಟ್ ಮಿಷನ್ ಶಾಲೆಯನ್ನು ತೊರೆಯುತ್ತಾನೆ. ಮುಂದೆ ಬೋರ್ಡ್ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರು ಬೆತ್ತ ಎತ್ತಿದಾಗ ಅದನ್ನು ಕಿತ್ತು ಕಿಟಕಿಯಿಂದಾಚೆ ಎಸೆದು ಓಡುತ್ತಾನೆ. ಅಲ್ಲಿಂದ ಮುಂದಿನದು ಕಾಡಿನ ದಾರಿ, ಕತ್ತಲೆ, ಜ್ವರ. ಬೆತ್ತವನ್ನು ಸಹಿಸಿಕೊಂಡು ನಗಿಸುತ್ತಿದ್ದ ಹುಡುಗ ಅದನ್ನು ಎಸೆದ ಗಳಿಗೆಯಲ್ಲಿ ಊರಿನಿಂದಲೇ ಹೊರಬೀಳಬೇಕಾಗುತ್ತದೆ. ಆದ್ದರಿಂದ ಈ ಕಥನ ಶಿಕ್ಷೆಯನ್ನು ಒಪ್ಪುತ್ತದೆಂದು ಹೇಳಲಾಗದು. ಕಾಯಿದೆ ಬಂದ ಮೇಲೂ ಮಕ್ಕಳ ಮೇಲಿನ ಅಧಿಕಾರ ಬೇರೆ ಬೇರೆ ರೂಪಗಳಲ್ಲಿ ಮುಂದುವರಿದಿರುವುದರಿಂದ ಆ ಭಯವನ್ನು ಇಂದಿನ ವಿದ್ಯಾರ್ಥಿಯೂ ಗುರುತಿಸಬಲ್ಲ. ಬೆತ್ತದ ವಿಷಯದಲ್ಲಿ ಕೃತಿ ಹಳತಾಗಿಲ್ಲ.

5. ಹಳತಾಗಿರುವುದು ಯಾವುದು?

ಹಾಗಾದರೆ ಕೃತಿಯಲ್ಲಿ ಕಾಲದ ಪೆಟ್ಟು ತಿಂದ ಭಾಗವೇ ಇಲ್ಲವೇ? ಇದೆ. ಆದರೆ ಅದು ಶಾಲೆಯೊಳಗಿಲ್ಲ, ಬೀದಿಯಲ್ಲಿದೆ.

ಕಾದಂಬರಿಯ ಎರಡು ಪ್ರಸಂಗಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು. ಮೊದಲನೆಯದರಲ್ಲಿ ರಜೆಯ ದಿನ ಸ್ವಾಮಿ, ಮಣಿ, ರಾಜಂ ಮೂವರೂ ರಸ್ತೆಯಲ್ಲಿ ಎತ್ತಿನ ಬಂಡಿ ಹೊಡೆದುಕೊಂಡು ಬರುತ್ತಿದ್ದ ಹಳ್ಳಿಯ ಹುಡುಗನನ್ನು ತಡೆಯುತ್ತಾರೆ. ತಾವು ಸರಕಾರದ ಪೋಲೀಸರೆಂದೂ ಬಂಡಿಯ ಭಾರಕ್ಕೆ ಸೇತುವೆ ಕುಸಿದೀತೆಂದೂ ಹೇಳಿ ಬೆದರಿಸುತ್ತಾರೆ. ಹುಡುಗನ ಹೆಸರು ಕರುಪ್ಪನ್. ಅವನ ಕಂಗಾಲುತನ ಇಲ್ಲಿ ನಗೆಯ ವಸ್ತು. ರಾಜಂ ಪೋಲೀಸ್ ಅಧಿಕಾರಿಯ ಮಗ. ಅವನ ಬೂಟು, ಟೋಪಿ, ಇಂಗ್ಲಿಷು ಆಟಕ್ಕೆ ನಂಬಿಕೆಯನ್ನು ತಂದುಕೊಡುತ್ತವೆ. ಮೂವರಿಗೂ ಅದು ಆಟ. ಕರುಪ್ಪನ್‌ನಿಗೆ ಅದು ಆಟವೆಂದು ತಿಳಿಯುವ ದಾರಿಯೇ ಇಲ್ಲ. ಅವನೂ ಹುಡುಗನೇ, ಅದೇ ವಯಸ್ಸಿನವನೇ ಇರಬಹುದು, ಆದರೆ ಅವನ ದಿನ ದುಡಿಮೆಯ ದಿನ. ಇದುವರೆಗೆ ಸ್ವಾಮಿಯ ಭಯವನ್ನು ಒಳಗಿನಿಂದ ತೋರಿಸಿದ ನಿರೂಪಣೆ ಕರುಪ್ಪನ್‌ನ ಭಯವನ್ನು ಹೊರಗಿನಿಂದ ಮಾತ್ರ ನೋಡುತ್ತದೆ.

ಎರಡನೆಯ ಪ್ರಸಂಗ ಕಾದಂಬರಿಯ ಕೊನೆಯ ಭಾಗದ್ದು. ಮೆಂಪಿ ಕಾಡಿನ ದಾರಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದ ಸ್ವಾಮಿಯನ್ನು ಬೆಳಗಿನ ಜಾವ ಊರಿಗೆ ಮರಳುತ್ತಿದ್ದ ರಂಗ ಎಂಬ ಬಂಡಿಯವನು ಕಂಡು ಅರಣ್ಯಾಧಿಕಾರಿಯ ಬಂಗಲೆಗೆ ಒಯ್ಯುತ್ತಾನೆ. ಅಧಿಕಾರಿ ಹುಡುಗನನ್ನು ಆರೈಕೆ ಮಾಡಿ ಮನೆಗೆ ಮುಟ್ಟಿಸುತ್ತಾನೆ. ಸ್ವಾಮಿಯ ಕೃತಜ್ಞತೆ ಸಲ್ಲುವುದು ಅಧಿಕಾರಿಗೆ. ಬಂಡಿಯವನು ಕಥೆಯಿಂದ ಮರೆಯಾಗುತ್ತಾನೆ. ಬಂಡಿ ಹೊಡೆಯುವ ಹುಡುಗನನ್ನು ಬೆದರಿಸಿ ನಕ್ಕ ಬಾಲಕನ ಜೀವವನ್ನು ಬಂಡಿಯವನೊಬ್ಬ ಉಳಿಸಿದನೆಂಬ ಸಂಬಂಧವನ್ನು ಕೃತಿ ತನ್ನ ರಚನೆಯಲ್ಲಿ ಇಟ್ಟಿದೆ, ಆದರೆ ಸ್ವಾಮಿಯ ಅರಿವಿಗೆ ತಂದಿಲ್ಲ. ಬೆಳವಣಿಗೆಯ ಕಥನವೊಂದರಲ್ಲಿ ನಾಯಕನು ಅರಿಯದೆ ಉಳಿದದ್ದು ಕೂಡ ಅರಿತದ್ದರಷ್ಟೇ ಮುಖ್ಯ. ಇಂದಿನ ಓದುಗ ಈ ಎರಡು ಬಂಡಿಗಳನ್ನು ಜೋಡಿಸಿ ಓದಬಲ್ಲ. 1935ರ ಓದುಗನಿಗೆ ಇದರ ಅಗತ್ಯ ಕಂಡಿರಲಾರದು.

ಜಟಕಾದವನ ಮಗನ ಪ್ರಸಂಗವೂ ಇದಕ್ಕೆ ಪೂರಕವಾಗಿದೆ. ಆಟದ ಬಳೆಗಾಗಿ ಹಣ ಕೊಟ್ಟು ಮೋಸಹೋದ ಸ್ವಾಮಿ ಗೆಳೆಯರೊಡನೆ ಜಟಕಾದವನ ಕೇರಿಗೆ ಹೋಗುತ್ತಾನೆ. ಅಲ್ಲಿ ಆ ಹುಡುಗ ಇವರ ಉಪಾಯವನ್ನು ತಿಳಿದು ಬುಗುರಿಯನ್ನು ಕಸಿದು ಓಡುತ್ತಾನೆ. ಕೇರಿಯವರು ಇವರನ್ನು ಅಟ್ಟಿಸುತ್ತಾರೆ. ಕಾದಂಬರಿಯುದ್ದಕ್ಕೂ ಊರೆಲ್ಲ ತನ್ನದೆಂಬಂತೆ ಓಡಾಡಿದ ಸ್ವಾಮಿ ಇಲ್ಲಿ ಒಮ್ಮೆ ಹೊರಗಿನವನಾಗುತ್ತಾನೆ. ಮಾಲ್ಗುಡಿಯಲ್ಲಿ ಇನ್ನೊಂದು ಮಾಲ್ಗುಡಿ ಇದೆಯೆಂಬುದು, ಅಲ್ಲಿಯೂ ಬುದ್ಧಿವಂತ ಮಕ್ಕಳಿದ್ದಾರೆಂಬುದು ಈ ಒಂದು ಪ್ರಸಂಗದಲ್ಲಿ ಹೊಳೆಯುತ್ತದೆ. ಗೆಳೆಯರ ಕೂಟದಲ್ಲಿ ಹುಡುಗಿಯೊಬ್ಬಳೂ ಇಲ್ಲದಿರುವುದನ್ನು ಕೂಡ ಇದೇ ಸಾಲಿನಲ್ಲಿ ಗಮನಿಸಬೇಕು. ತಾಯಿಯ ಮತ್ತು ಅಜ್ಜಿಯ ಪಾತ್ರಗಳು ಮನೆಯ ಹೊಸ್ತಿಲೊಳಗೇ ಉಳಿಯುತ್ತವೆ. ಆದರೂ ಅಜ್ಜಿ ಹೊಟ್ಟೆನೋವಿಗಾಗಿ ನಿಂಬೆಹಣ್ಣು ತರಲು ಹೇಳಿದಾಗ ಅದನ್ನು ಲೆಕ್ಕಿಸದೆ ಕ್ರಿಕೆಟ್ಟಿಗೆ ಓಡಿದ ಸ್ವಾಮಿ ಆಮೇಲೆ ಪಶ್ಚಾತ್ತಾಪ ಪಡುವ ಸಂದರ್ಭ, ಯಾರ ಬೆತ್ತವೂ ಕಲಿಸದ ಪಾಠವೊಂದನ್ನು ಅವನು ತಾನಾಗಿ ಕಲಿತ ಅಪರೂಪದ ಗಳಿಗೆಯಾಗಿದೆ.

6. ಕನ್ನಡದ ಇತರ ಬಾಲ್ಯಗಳು

‘ಸ್ವಾಮಿ’ ಎಲ್ಲರ ಬಾಲ್ಯವಲ್ಲವೆಂದು ಹೇಳುವುದಕ್ಕೆ ಹೊರಗಿನ ಸಿದ್ಧಾಂತ ಬೇಕಿಲ್ಲ; ಕನ್ನಡದ ಕಥನಪರಂಪರೆಯೇ ಸಾಕು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದಲ್ಲಿಯೂ ಅಗ್ರಹಾರದ ಪುಟ್ಟ ಬಾಲಕನ ಕಣ್ಣಿದೆ. ಆದರೆ ಆ ಕಣ್ಣು ಕಾಣುವುದು ಬಹಿಷ್ಕಾರಕ್ಕೆ ಒಳಗಾಗುವ ಹೆಣ್ಣೊಬ್ಬಳ ದುರಂತವನ್ನು. ಸ್ವಾಮಿಯ ಮನೆಯಂತಹ ಮನೆಗಳ ಹಿಂದಣ ಅಂಗಳದಲ್ಲಿ ಏನು ನಡೆದಿರಬಹುದೆಂಬುದನ್ನು ಅದು ತೋರಿಸುತ್ತದೆ.

ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ (1994) ಹೊಳೆಆಲೂರಿನ ವಿದ್ಯಾರ್ಥಿಗೆ ಭಾಷೆಯಿಂದಲೂ ನೆಲದಿಂದಲೂ ಹತ್ತಿರವಾದದ್ದು. ದಲಿತ ಬಾಲಕನೊಬ್ಬ ಪರೀಕ್ಷೆಯಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗುವುದೇ ಅಲ್ಲಿ ಊರಿನ ಬಲ್ಲಿದರ ಅಸಹನೆಗೆ ಕಾರಣವಾಗುತ್ತದೆ. ಸ್ವಾಮಿಗೆ ಪರೀಕ್ಷೆ ಮುಗಿದರೆ ಬಿಡುಗಡೆ; ಕೊಟ್ರೇಶಿಗೆ ಫಲಿತಾಂಶ ಬಂದ ಮೇಲೆ ತೊಂದರೆ ಆರಂಭ. ಸ್ವಾಮಿಯ ಶಾಲೆ ತಪ್ಪಿಸಿಕೊಳ್ಳಬೇಕಾದ ಸ್ಥಳ. ಕೊಟ್ರೇಶಿಯ ಶಾಲೆ ಹೇಗಾದರೂ ಪ್ರವೇಶಿಸಬೇಕಾದ ಸ್ಥಳ. ಈ ಪಾತ್ರಕ್ಕಾಗಿ ವಿಜಯ್ ರಾಘವೇಂದ್ರ ಅವರಿಗೂ ಬಾಲನಟ ರಾಷ್ಟ್ರಪ್ರಶಸ್ತಿ ಬಂದಿತು. ಒಂದೇ ಪ್ರಶಸ್ತಿಯನ್ನು ಪಡೆದ ಎರಡು ಬಾಲ್ಯಗಳನ್ನು ಒಟ್ಟಿಗೆ ಇಟ್ಟು ಬೋಧಿಸಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ನಗೆ ಉಳ್ಳವರ ಬಾಲ್ಯಕ್ಕೆ ಮಾತ್ರ ಸಲ್ಲುವುದು, ಉಳಿದವರಿಗೆ ನೋವೊಂದೇ ಗತಿ ಎಂಬ ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ ಇದಕ್ಕೆ ದೊಡ್ಡ ಉತ್ತರವಾಗಿದೆ. ಕೇರಿಯ ಬಾಲ್ಯವನ್ನು, ಹಸಿವನ್ನು, ವಿದ್ಯಾರ್ಥಿನಿಲಯದ ದಿನಗಳನ್ನು ಅವರು ನಗುನಗುತ್ತಲೇ ಹೇಳುತ್ತಾರೆ. ಆ ನಗೆ ಓದುಗನನ್ನು ಹಗುರಗೊಳಿಸುವುದಿಲ್ಲ, ಎಚ್ಚರಿಸುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಉತ್ತರ ಕರ್ನಾಟಕದ ದಲಿತ ಬಾಲ್ಯವನ್ನು ಬೇರೊಂದು ಧಾಟಿಯಲ್ಲಿ ದಾಖಲಿಸಿದೆ. ಈಚಿನ ಚಿತ್ರಗಳಲ್ಲಿ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ಮಕ್ಕಳ ಹಾಸ್ಯದ ಮೂಲಕವೇ ಗಡಿನಾಡಿನ ಕನ್ನಡ ಶಾಲೆಯ ಅಳಿವು ಉಳಿವನ್ನು ಚರ್ಚೆಗೆ ತಂದಿತು. ಅಲ್ಲಿ ಮಕ್ಕಳು ಶಾಲೆಯಿಂದ ಓಡುವುದಿಲ್ಲ, ಶಾಲೆ ಮುಚ್ಚಬಾರದೆಂದು ಹೋರಾಡುತ್ತಾರೆ. ಸ್ವಾಮಿಯ ಕಾಲದಿಂದ ಇಲ್ಲಿಯವರೆಗೆ ಕಥನದ ದಿಕ್ಕು ಹೀಗೆ ತಿರುಗಿರುವುದು ಗಮನಾರ್ಹ.

7. ಎರಡು ನಿಲ್ದಾಣಗಳು

ಚಿತ್ರದ ಕೊನೆಯ ದೃಶ್ಯ ರೈಲು ನಿಲ್ದಾಣದ್ದು. ತಂದೆಗೆ ವರ್ಗವಾದ್ದರಿಂದ ರಾಜಂ ಊರು ಬಿಡುತ್ತಾನೆ. ಓಡಿಹೋಗಿ ಕ್ರಿಕೆಟ್ ಪಂದ್ಯವನ್ನು ತಪ್ಪಿಸಿಕೊಂಡ ಸ್ವಾಮಿಯೊಡನೆ ಅವನು ಮಾತು ಬಿಟ್ಟಿದ್ದಾನೆ. ಕಾದಂಬರಿಯಲ್ಲಿ ಸ್ವಾಮಿ ಆ್ಯಂಡರ್ಸನ್‌ನ ಕಥೆಗಳ ಪುಸ್ತಕವೊಂದನ್ನು ಕಾಣಿಕೆಯಾಗಿ ತಂದಿರುತ್ತಾನೆ. ಗಾಡಿ ಹೊರಡುತ್ತದೆ, ಮಣಿಯ ಕೈಯಿಂದ ಪುಸ್ತಕ ರಾಜಂಗೆ ಮುಟ್ಟುತ್ತದೆ, ಆದರೆ ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಅವನು ಪತ್ರ ಬರೆಯುವನೇ ಎಂಬ ಪ್ರಶ್ನೆಗೆ ಮಣಿ ಕೊಡುವ ಭರವಸೆಯನ್ನು ನಂಬುವುದೂ ಕಷ್ಟ. ಅಷ್ಟು ಹೊತ್ತು ನಗಿಸಿದ ಕಥನ ಕೊನೆಯಲ್ಲಿ ಯಾವ ಸಮಾಧಾನವನ್ನೂ ಹೇಳದೆ ನಿಲ್ಲುತ್ತದೆ. ಶಿಕ್ಷೆಗಳೆಲ್ಲವನ್ನೂ ದಾಟಿಬಂದ ಹುಡುಗ ಸ್ನೇಹವೊಂದರ ನಷ್ಟವನ್ನು ದಾಟಲಾರದೆ ನಿಂತಾಗ ಅವನ ಬಾಲ್ಯ ಮುಗಿಯುತ್ತದೆ. ಚಿತ್ರದಲ್ಲಿ ಕಾಲದ ಹಂಗಿಲ್ಲದ ಭಾಗ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕಾಗುತ್ತದೆ.

ಆ ದೃಶ್ಯಕ್ಕೆ ನೆಲೆಯಾದ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆ 2020ರಲ್ಲಿ ‘ಮಾಲ್ಗುಡಿ’ ಹೆಸರಿನ ವಸ್ತುಸಂಗ್ರಹಾಲಯವನ್ನಾಗಿ ಮಾಡಿತು. ಸರಣಿಯ ನೆನಪನ್ನು ಕಾಪಾಡುವ ಈ ಕಾರ್ಯ ಸ್ತುತ್ಯವಾದುದು. ಆದರೆ ಕೃತಿಯೊಂದು ವಸ್ತುಸಂಗ್ರಹಾಲಯವನ್ನು ಸೇರಿದಾಗ ಅದರ ಅರ್ಥ ಒಂದು ಕಡೆಗೆ ಸ್ಥಿರಗೊಳ್ಳುವ ಸಂಭವವೂ ಇದೆ. ಕಳೆದುಹೋದ ಸವಿಕಾಲದ ಸ್ಮಾರಕವಾಗಿ ‘ಸ್ವಾಮಿ’ಯನ್ನು ನೋಡುವ ಅಭ್ಯಾಸ ಹೀಗೆಯೇ ಬಲಿಯುತ್ತದೆ. ಚಿತ್ರದೊಳಗಿನ ಹುಡುಗನಿಗಾದರೋ ಅದು ಸವಿಕಾಲವೇನೂ ಆಗಿರಲಿಲ್ಲ. ಅವನ ದಿನಗಳು ಭಯ, ಅವಮಾನ, ಅಗಲಿಕೆಗಳಿಂದ ತುಂಬಿದ್ದವು. ಅದನ್ನು ಸವಿಯಾಗಿಸಿದ್ದು ದೊಡ್ಡವರಾದ ಪ್ರೇಕ್ಷಕರು.

ಹೊಳೆಆಲೂರಿನ ನಿಲ್ದಾಣ ಸ್ಮಾರಕವಲ್ಲ, ಜನ ಹತ್ತಿಳಿಯುವ ನಿಲ್ದಾಣ. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿದೆ. ಇಂತಹ ಸಣ್ಣ ನಿಲ್ದಾಣಗಳಿಂದಲೇ ಬಯಲುಸೀಮೆಯ ಮಕ್ಕಳು ಹೆಚ್ಚಿನ ಓದಿಗೆ ಗದಗಿಗೆ, ಹುಬ್ಬಳ್ಳಿಗೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಕೂಲಿಗಾಗಿ ಊರು ಬಿಡುವ ಕುಟುಂಬಗಳೊಡನೆ ಓದು ನಿಲ್ಲಿಸಿ ಹೊರಡುವ ಮಕ್ಕಳೂ ಇದ್ದಾರೆ. ಪ್ಲಾಟ್‌ಫಾರ್ಮಿನ ಮೇಲೆ ಉಳಿದ ಗೆಳೆಯನ ಸ್ಥಿತಿ ಸ್ವಾಮಿಯದಕ್ಕಿಂತ ಬೇರೆಯಲ್ಲ. ಕಾರಣಗಳು ಮಾತ್ರ ಬೇರೆ: ರಾಜಂ ಹೋದದ್ದು ತಂದೆಯ ವರ್ಗಾವಣೆಯಿಂದ, ಇವರು ಹೋಗುವುದು ಬರದಿಂದ. ಮಾಲ್ಗುಡಿಯ ಹೆಂಚಿನ ಮನೆಯಾಗಲಿ ಸರಯೂ ದಂಡೆಯಾಗಲಿ ತನ್ನದಲ್ಲವೆಂದು ಭಾವಿಸಿದ ವಿದ್ಯಾರ್ಥಿಯೂ ಈ ಕೊನೆಯ ದೃಶ್ಯದಲ್ಲಿ ತನ್ನದನ್ನು ಕಾಣಬಲ್ಲ.

8. ಉಪಸಂಹಾರ

ಒಟ್ಟಿನಲ್ಲಿ ‘ಸ್ವಾಮಿ’ ಇಂದಿಗೂ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ನಿಲ್ಲುತ್ತದೆ ಎಂದೇ ಉತ್ತರಿಸಬೇಕು. ಆದರೆ ಅದು ಎಲ್ಲರ ಬಾಲ್ಯದ ಪ್ರತಿನಿಧಿಯಾಗಿ ನಿಲ್ಲುವುದಿಲ್ಲ. ಒಬ್ಬ ಹುಡುಗನ ಬಾಲ್ಯದ ನಿಖರವಾದ ವಿವರಣೆಯಾಗಿ ನಿಲ್ಲುತ್ತದೆ. ಹುಡುಗನ ಎತ್ತರದಿಂದ ಲೋಕವನ್ನು ಕಂಡಲ್ಲೆಲ್ಲ ಅದರ ನಗೆ ಹೊಸತಾಗಿಯೇ ಉಳಿದಿದೆ. ಅವನಿಗಿಂತ ಕೆಳಗೆ ನಿಲ್ಲಿಸಲ್ಪಟ್ಟ ಇನ್ನೊಬ್ಬ ಹುಡುಗನನ್ನು ಮೇಲಿನಿಂದ ಕಂಡ ಕಡೆ ಅದು ಮುಪ್ಪಾಗಿದೆ. ನಗೆಯ ಆಯುಷ್ಯ ನೋಡುವ ಎತ್ತರವನ್ನು ಅವಲಂಬಿಸಿರುತ್ತದೆ ಎಂಬುದು ಈ ಮರುಓದಿನಿಂದ ಹೊರಡುವ ಮುಖ್ಯ ತೀರ್ಮಾನ.

ಇದರಿಂದ ಬೋಧನೆಗೆ ಸಂಬಂಧಿಸಿದ ಒಂದು ಸೂಚನೆಯೂ ದೊರೆಯುತ್ತದೆ. ಪದವಿ ತರಗತಿಗಳಲ್ಲಿ ಚಿತ್ರವನ್ನು ಪಠ್ಯವಾಗಿ ಬಳಸುವಾಗ ‘ಸ್ವಾಮಿ’ಯೊಂದನ್ನೇ ತೋರಿಸಿ ಹಳೆಯ ಕಾಲದ ಸೊಗಸನ್ನು ಮೆಚ್ಚಿ ಮುಗಿಸುವ ಬದಲು ಅದರೊಡನೆ ‘ಕೊಟ್ರೇಶಿ ಕನಸು’ ಚಿತ್ರವನ್ನೂ ‘ಊರುಕೇರಿ’ಯ ಕೆಲವು ಪುಟಗಳನ್ನೂ ಇಡುವುದು ಉಪಯುಕ್ತ. ಆ ಮೇಲೆ ವಿದ್ಯಾರ್ಥಿಗಳಿಗೆ ತಮ್ಮ ಊರಿನ ಸಾಲಿ, ಹೊಳೆ, ನಿಲ್ದಾಣಗಳನ್ನು ಕುರಿತು ಬರೆಯಲು ಹೇಳಬಹುದು. ಶಂಕರ್‌ನಾಗ್ 1990ರಲ್ಲಿ ತಮ್ಮ 36ನೆಯ ವಯಸ್ಸನ್ನು ತಲುಪುವ ಮೊದಲೇ ತೀರಿಕೊಂಡರು. ಕಲ್ಪಿತ ಊರೊಂದಕ್ಕೆ ಕನ್ನಡ ನೆಲದಲ್ಲಿ ವಿಳಾಸ ಕೊಟ್ಟದ್ದು ಅವರ ಸಾಧನೆ. ಆಗುಂಬೆ ಮಾಲ್ಗುಡಿಯಾಗಬಹುದಾದರೆ ಹೊಳೆಆಲೂರಿನ ಬಾಲ್ಯವೂ ಕಥನವಾಗಬಹುದು. ಅದನ್ನು ಬರೆಯಬೇಕಾದವರು ಇಂದು ಆ ತರಗತಿಗಳಲ್ಲಿಯೇ ಕುಳಿತಿದ್ದಾರೆ.